ಅಜ್ಜಿ, ಅಜ್ಜ, ಅಪ್ಪ: ಕೀನ್ಯಾದ ಒಂದು ಮೆಕ್ಕೆಜೋಳ ಹೈಬ್ರಿಡ್‌ಗೆ ನಂಜು ರೋಗ ತಡೆಯುವ ಶಕ್ತಿ ತುಂಬಿದ ಪ್ರಕರಣ

ಮೆಕ್ಕೆಜೋಳ ಅನ್ನಿ, ಗೋವಿನಜೋಳ ಅನ್ನಿ, ಮುಸುಕಿನ ಜೋಳ ಅನ್ನಿ, ನಮ್ಮಲ್ಲಿ ಅದು ಹೆಚ್ಚಾಗಿ ಕೋಳಿ ಆಹಾರಕ್ಕೆ ಮತ್ತು ಪಿಷ್ಟದ ಕಾರ್ಖಾನೆಗೆ ಹೋಗುವ ಬೆಳೆ. ಕೀನ್ಯಾದಲ್ಲಿ ಹಾಗಲ್ಲ. ಅಲ್ಲಿ ಅದೇ ಊಟ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಕೋಲಿನಲ್ಲಿ ತಿರುವಿ, ಗಟ್ಟಿ ಮಾಡಿ ಉಗಾಲಿ ಮಾಡುತ್ತಾರೆ. ಹೆಚ್ಚುಕಡಿಮೆ ನಮ್ಮ ಮುದ್ದೆ. ಆ ದೇಶದ ಹೊಲಗಳಲ್ಲಿ 2011ರಲ್ಲಿ ಒಂದು ರೋಗ ಕಾಣಿಸಿಕೊಂಡಿತು. ಅದನ್ನು ತಡೆದುಕೊಳ್ಳುವ ತಳಿ ಕಟ್ಟಲು ಏನೇನು ಮಾಡಿದರು, ಎಲ್ಲಿ ಎಡವಿದರು, ಎಲ್ಲಿ ದಾರಿ ತಿರುಗಿತು ಅನ್ನುವುದು ಈ ಪ್ರಕರಣ.

ಶುರು ಮಾಡುವ ಮೊದಲು ಒಂದು ಮಾತು. ಇಲ್ಲಿ ಬರುವ ಹೈಬ್ರಿಡ್‌ನ ಹೆಸರನ್ನಾಗಲಿ, ಬೀಜದ ಕಂಪನಿಯ ಹೆಸರನ್ನಾಗಲಿ, ರೈತರ ಹೆಸರನ್ನಾಗಲಿ ಹೇಳುವುದಿಲ್ಲ. ಅಲ್ಲಿ ಹಲವು ಹೈಬ್ರಿಡ್‌ಗಳು ಒಂದೇ ಬಗೆಯ ದಾರಿ ತುಳಿದವು. ಆ ದಾರಿಯನ್ನು ಒಂದೇ ಹೈಬ್ರಿಡ್‌ನ ಕಥೆಯಾಗಿ ಹೇಳುತ್ತಿದ್ದೇನೆ. ರೋಗದ ಬಗೆಗಿನ ಮಾಹಿತಿ, ಸಂಶೋಧನಾ ಸಂಸ್ಥೆಗಳು, ಊರು, ವರ್ಷ ಎಲ್ಲ ಇದ್ದದ್ದು ಇದ್ದ ಹಾಗೆ.

ಮೂರು ಪೋಷಕರ ಬೀಜ

ರೈತ ಅಂಗಡಿಯಲ್ಲಿ ಕೊಳ್ಳುವ ಹೈಬ್ರಿಡ್ ಬೀಜದ ಹಿಂದೆ ಒಂದು ಕುಟುಂಬ ಇರುತ್ತದೆ. ನಮ್ಮ ಪ್ರಕರಣದ ಹೈಬ್ರಿಡ್‌ಗೆ ಮೂವರು ಹಿರಿಯರು. ಅವರನ್ನು ಅಜ್ಜಿ, ಅಜ್ಜ, ಅಪ್ಪ ಎಂದು ಕರೆಯೋಣ. ಮೂರೂ ಶುದ್ಧ ತಳಿಗಳು. ಅಂದರೆ ತನ್ನ ಪರಾಗವನ್ನು ತನಗೇ ಹಾಕುತ್ತಾ ಆರೇಳು ತಲೆಮಾರು ಬೆಳೆಸಿ, ಗಿಡಗಳೆಲ್ಲ ಒಂದೇ ಥರ ಆಗುವಂತೆ ಮಾಡಿದವು. ಅಜ್ಜಿಗೆ ಅಜ್ಜನ ಪರಾಗ ಬಿದ್ದರೆ ಅಮ್ಮ ಹುಟ್ಟುತ್ತಾಳೆ. ಅಮ್ಮನ ಸಾಲುಗಳಲ್ಲಿ ಸೂಲಂಗಿ, ಅಂದರೆ ತುದಿಯ ಗಂಡು ಹೂ, ಕಿತ್ತು, ಪಕ್ಕದ ಸಾಲಿನ ಅಪ್ಪನ ಪರಾಗ ಬೀಳುವಂತೆ ಮಾಡಿದರೆ ರೈತರಿಗೆ ಮಾರುವ ಬೀಜ ಸಿಗುತ್ತದೆ. ಹಾವೇರಿ, ರಾಣೆಬೆನ್ನೂರು ಕಡೆ ಬೀಜೋತ್ಪಾದನೆ ಮಾಡಿದವರಿಗೆ ಹೆಣ್ಣು ಸಾಲು, ಗಂಡು ಸಾಲಿನ ಈ ಲೆಕ್ಕ ಗೊತ್ತೇ ಇದೆ.

ಇಬ್ಬರ ಬದಲು ಮೂವರು ಯಾಕೆ? ಶುದ್ಧ ತಳಿಯ ಗಿಡ ಸಣಕಲು, ತೆನೆಯೂ ಚಿಕ್ಕದು. ಅಮ್ಮ ತಾನೇ ಒಂದು ಹೈಬ್ರಿಡ್ ಆಗಿದ್ದರೆ ಗಿಡ ದಷ್ಟಪುಷ್ಟವಾಗಿ ಬಂದು ಬೀಜ ಜಾಸ್ತಿ ಸಿಗುತ್ತದೆ. ಬೀಜದ ಬೆಲೆ ಇಳಿಯುತ್ತದೆ. ಆಫ್ರಿಕಾದ ಸಣ್ಣ ರೈತರಿಗೆ ಅದು ದೊಡ್ಡ ವಿಷಯ. ಹಾಗಾಗಿ ಅಲ್ಲಿ ಮೂರು ಪೋಷಕರ ಹೈಬ್ರಿಡ್ ತುಂಬ ಬಳಕೆಯಲ್ಲಿದೆ. ಈ ಸಣ್ಣ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ದೊಡ್ಡ ತೊಡಕಾಗುತ್ತದೆ.

ಕೊರೊಯಿಟೊ

2011ರ ಸೆಪ್ಟೆಂಬರ್. ಕೀನ್ಯಾದ ದಕ್ಷಿಣ ರಿಫ್ಟ್ ಕಣಿವೆಯ ಬೊಮೆಟ್ ಜಿಲ್ಲೆ, ಲೊಂಗಿಸಾ ಪ್ರದೇಶ. ಚೆನ್ನಾಗಿ ಬೆಳೆಯುತ್ತಿದ್ದ ಗಿಡಗಳ ಸುಳಿಯ ಎಲೆಗಳಲ್ಲಿ ತಿಳಿಹಳದಿ ಚುಕ್ಕಿಗಳು ಕಾಣಿಸಿಕೊಂಡವು. ಬುಡದಿಂದ ಶುರುವಾಗಿ ತುದಿಯ ಕಡೆ ಹರಡಿದವು. ಆಮೇಲೆ ಎಲೆಯ ಅಂಚು ಒಣಗಿತು. ಕೆಲವು ಗಿಡಗಳಲ್ಲಿ ಸುಳಿಯೇ ಸತ್ತಿತು. ಉಳಿದ ಗಿಡಗಳಲ್ಲಿ ಕಾಂಡ ಇನ್ನೂ ಹಸಿರಾಗಿರುವಾಗಲೇ ತೆನೆಯ ರವದಿ ಬೆಳ್ಳಗೆ ಒಣಗಿ ನಿಂತಿತು. ಬಿಡಿಸಿ ನೋಡಿದರೆ ಒಳಗೆ ಅಲ್ಲೊಂದು ಇಲ್ಲೊಂದು ಕಾಳು. ಎಷ್ಟೋ ತೆನೆಗಳಲ್ಲಿ ಅದೂ ಇಲ್ಲ.

ಹಳದಿ ಎಲೆ ಕಂಡರೆ ಯಾವ ರೈತನಿಗಾದರೂ ಮೊದಲು ನೆನಪಾಗುವುದು ಗೊಬ್ಬರ ಅಥವಾ ನೀರು. ಇಲ್ಲಿ ಎರಡೂ ಕಾರಣವಾಗಿರಲಿಲ್ಲ. ಅಲ್ಲಿನ ಜನ ಇದಕ್ಕೆ ಕೊರೊಯಿಟೊ ಎಂದು ಹೆಸರಿಟ್ಟರು. ಅವರ ಭಾಷೆಯಲ್ಲಿ ಮಹಾಮಾರಿ ಎಂದರ್ಥ.

ಪ್ರಯೋಗಾಲಯದಲ್ಲಿ ಸಿಕ್ಕಿದ್ದು ಒಂದಲ್ಲ, ಎರಡು ವೈರಸ್. ಮೊದಲನೆಯದು ಮೇಜ್ ಕ್ಲೋರೋಟಿಕ್ ಮಾಟಲ್ ವೈರಸ್. ಇದನ್ನು ಸುಮ್ನೆ ಮಾಟಲ್ ವೈರಸ್ ಎನ್ನೋಣ. 1970ರ ದಶಕದಲ್ಲಿ ಪೆರುವಿನಲ್ಲಿ ಮೊದಲು ಗುರುತಿಸಿದ್ದು. ಎರಡನೆಯದು ಕಬ್ಬಿನ ಮೊಸಾಯಿಕ್ ವೈರಸ್. ಇದು ಹಳೆಯದು, ಎಲ್ಲೆಡೆ ಇರುವಂಥದ್ದು. ಒಂದೊಂದೇ ಬಂದರೆ ಗಿಡ ಸೊರಗುತ್ತದೆ, ಆದರೆ ಸಾಮಾನ್ಯವಾಗಿ ಸಾಯುವುದಿಲ್ಲ. ಎರಡೂ ಒಟ್ಟಿಗೆ ಒಳಗೆ ಸೇರಿದರೆ ಮಾಟಲ್ ವೈರಸ್ ಗಿಡದೊಳಗೆ ಒಂದೇ ಸಮನೆ ಏರುತ್ತದೆ. ಆಗ ಗಿಡ ಉಳಿಯುವುದು ಕಷ್ಟ. ಇದಕ್ಕೆ ಮೇಜ್ ಲೀಥಲ್ ನೆಕ್ರೋಸಿಸ್, ಚಿಕ್ಕದಾಗಿ ಎಂಎಲ್ಎನ್ ಎನ್ನುತ್ತಾರೆ. ಇದೇ ರೋಗದ ಹಾವಳಿಯನ್ನು ಅಮೆರಿಕದ ಕ್ಯಾನ್ಸಸ್ ರಾಜ್ಯ 1970ರ ದಶಕದಲ್ಲೇ ಕಂಡಿತ್ತು.

ನಮ್ಮ ಕೃಷಿ ಪುಸ್ತಕಗಳಲ್ಲಿ ವೈರಸ್ ರೋಗವನ್ನು ನಂಜು ರೋಗ ಎನ್ನುತ್ತಾರೆ. ಸರಿಯಾದ ಮಾತು. ಒಮ್ಮೆ ಗಿಡಕ್ಕೆ ಏರಿದ ಮೇಲೆ ಇಳಿಸುವ ಔಷಧ ಇಲ್ಲ.

ರೋಗ ಎಷ್ಟು ಬೇಗ ಹರಡಿತು ನೋಡಿ. 2012ರಲ್ಲಿ ಟಾಂಜಾನಿಯಾ ಮತ್ತು ಉಗಾಂಡಾ. 2013ರಲ್ಲಿ ರುವಾಂಡಾ ಮತ್ತು ಕಾಂಗೋ. 2014ರಲ್ಲಿ ಇಥಿಯೋಪಿಯಾ. ಕೀನ್ಯಾದಲ್ಲಿ 2013ರ ಸಮೀಕ್ಷೆಯ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಮೆಕ್ಕೆಜೋಳ ಕೈತಪ್ಪಿತ್ತು. ದೇಶದ ಸರಾಸರಿ ಬೆಳೆಯಲ್ಲಿ ಶೇ 22ರಷ್ಟು. ಹತ್ತು ಚೀಲದಲ್ಲಿ ಎರಡಕ್ಕೂ ಹೆಚ್ಚು. ಆದರೆ ಸರಾಸರಿ ಅನ್ನುವುದು ನೋವನ್ನು ಮುಚ್ಚಿಡುತ್ತದೆ. ಬೊಮೆಟ್‌ನಂಥ ಕಡೆ ಕೆಲವು ಹೊಲಗಳಲ್ಲಿ ಕೊಯ್ಯಲು ಏನೂ ಇರಲಿಲ್ಲ. ಅದೇ ಊಟ, ಅದೇ ಮೇವು, ಮಿಕ್ಕಿದ್ದನ್ನು ಮಾರಿದರೆ ಅದೇ ಮಕ್ಕಳ ಶಾಲೆಯ ಫೀಸು.

ನಮ್ಮ ಹೈಬ್ರಿಡ್ ಇಂಥ ಹೊಲಗಳಲ್ಲೇ ಹೆಸರು ಮಾಡಿತ್ತು. ಇಳುವರಿ ಚೆನ್ನಾಗಿತ್ತು, ಮಳೆ ಸ್ವಲ್ಪ ಕೈಕೊಟ್ಟರೂ ತಡೆದುಕೊಳ್ಳುತ್ತಿತ್ತು. ಈ ರೋಗದ ಮುಂದೆ ಮಾತ್ರ ಅದು ಮಲಗಿತು.

ಮೊದಲು ಮಾಡಿದ್ದು

ತಳಿ ಕಟ್ಟಲು ವರ್ಷಗಳು ಬೇಕು. ರೈತನಿಗೆ ಮುಂದಿನ ಬಿತ್ತನೆಗೇ ಉತ್ತರ ಬೇಕು. ಹಾಗಾಗಿ ಮೊದಲು ಹೊಲದ ನಿರ್ವಹಣೆಯ ಕಡೆ ಗಮನ ಹೋಯಿತು.

ಕೀಟನಾಶಕ ಹೊಡೆದರು. ಅರ್ಧ ಉಪಯೋಗ. ಮಾಟಲ್ ವೈರಸ್ಸನ್ನು ಥ್ರಿಪ್ಸ್ ಎಂಬ ಪುಟ್ಟ ಕೀಟ ಮತ್ತು ಕೆಲವು ಜೀರುಂಡೆಗಳು ಒಯ್ಯುತ್ತವೆ. ಮೊಸಾಯಿಕ್ ವೈರಸ್ಸನ್ನು ಒಯ್ಯುವುದು ಗಿಡದ ಹೇನು. ಹೇನು ಎಲೆಗೆ ಸೂಜಿಯಂಥ ಬಾಯಿ ಚುಚ್ಚಿ ರುಚಿ ನೋಡುವ ಕೆಲವೇ ಕ್ಷಣಗಳಲ್ಲಿ ವೈರಸ್ ದಾಟಿಬಿಡುತ್ತದೆ. ಔಷಧಿಗೆ ಹೇನು ಸಾಯುವ ಹೊತ್ತಿಗೆ ಆಗಬಾರದ್ದು ಆಗಿರುತ್ತದೆ.

ನಿಜವಾಗಿ ಫಲ ಕೊಟ್ಟಿದ್ದು ಮೆಕ್ಕೆಜೋಳಕ್ಕೆ (ಮುಂದೆ ಬರೀ ಜೋಳ ಎಂದರೂ ಇದೇ) ರಜೆ ಕೊಟ್ಟಿದ್ದು. ಬೊಮೆಟ್ ಸುತ್ತ ಮಳೆ ಚೆನ್ನಾಗಿ ಬರುವುದರಿಂದ ವರ್ಷವಿಡೀ ಒಂದಲ್ಲ ಒಂದು ಹೊಲದಲ್ಲಿ ಹಸಿ ಜೋಳ ಇರುತ್ತಿತ್ತು. ಒಂದು ಹೊಲ ಒಣಗುವಾಗ ಪಕ್ಕದ್ದು ಮೊಳೆಯುತ್ತಿತ್ತು. ಕೀಟಕ್ಕೂ ವೈರಸ್‌ಗೂ ಉಪವಾಸವೇ ಇರಲಿಲ್ಲ. ಎರಡು ತಿಂಗಳಾದರೂ ಇಡೀ ಊರಲ್ಲಿ ಜೋಳ ಬೇಡ, ಆಲೂಗಡ್ಡೆ, ಬೀನ್ಸ್‌ನಂಥ ಬೇರೆ ಬೆಳೆ ಹಾಕಿ ಎಂಬ ಸಲಹೆ ಕೊಟ್ಟರು. ರೋಗದ ಗಿಡ ಕಂಡರೆ ಕಿತ್ತು ಹಾಕಿ, ಎಲ್ಲರೂ ಒಂದೇ ಸಮಯಕ್ಕೆ ಬಿತ್ತಿ ಎಂದರು. ಹೇಳುವುದು ಸುಲಭ. ಮೂರು ಎಕರೆ ಇರುವವನಿಗೆ ಊಟದ ಬೆಳೆಯನ್ನೇ ಬಿಡು ಎನ್ನುವುದು ಎಂಥ ಮಾತು!

ಇಲ್ಲಿ ನಮ್ಮವರ ಕಿವಿ ನೆಟ್ಟಗಾಗುವ ಒಂದು ವಿಷಯ ಇದೆ. ಜೋಳಕ್ಕೆ ಬದಲು ರಾಗಿ ಹಾಕಬಹುದಲ್ವಾ? ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನೆಲ. ಕೀನ್ಯಾದಲ್ಲಿ ಅದನ್ನು ವಿಂಬಿ ಎನ್ನುತ್ತಾರೆ. ಆದರೆ 2015ರಲ್ಲಿ ಅಲ್ಲಿನ ರಾಗಿ ಪೈರಿನಲ್ಲೂ ಇದೇ ಎರಡು ವೈರಸ್ ಒಟ್ಟಿಗೆ ಸಿಕ್ಕವು. ಅಂದರೆ ಬೆಳೆ ಬದಲಿಸುವಾಗ ಹುಲ್ಲಿನ ಜಾತಿಯನ್ನೇ ಬಿಟ್ಟು ಆಚೆ ಹೋಗಬೇಕು. ಧಾನ್ಯದಿಂದ ಧಾನ್ಯಕ್ಕೆ ಹೋದರೆ ರೋಗಕ್ಕೆ ಮನೆ ಬದಲಾಗುತ್ತದೆ, ಅಷ್ಟೇ.

ರೋಗ ಬೆಳೆಸಲೆಂದೇ ಒಂದು ಹೊಲ

ಇಷ್ಟರಲ್ಲಿ ತಳಿ ವಿಜ್ಞಾನಿಗಳು ರೋಗ ತಡೆಯುವ ಗಿಡ ಹುಡುಕಲು ಶುರು ಮಾಡಿದ್ದರು. ಮೊದಮೊದಲು ರೋಗ ಜಾಸ್ತಿ ಇರುವ ರೈತರ ಹೊಲಗಳಲ್ಲೇ ಬೇರೆ ಬೇರೆ ತಳಿ ಬಿತ್ತಿ ನೋಡಿದರು. ಅದರಲ್ಲೊಂದು ಮೋಸ ಇದೆ. ಹೊಲದಲ್ಲಿ ಒಂದು ಗಿಡ ಹಸಿರಾಗಿ ನಿಂತಿದೆ ಅಂದುಕೊಳ್ಳಿ. ಅದಕ್ಕೆ ತಡೆಯುವ ಶಕ್ತಿ ಇದೆಯೋ, ಇಲ್ಲ ಕೀಟ ಅದರ ಮೇಲೆ ಕೂರಲೇ ಇಲ್ಲವೋ? ಎರಡೂ ಕಣ್ಣಿಗೆ ಒಂದೇ. ತಪ್ಪಿಸಿಕೊಂಡ ಗಿಡವನ್ನು ಗಟ್ಟಿ ಗಿಡ ಅಂದುಕೊಂಡು ಬೀಜ ಎತ್ತಿಟ್ಟರೆ ಎರಡು ಮೂರು ವರ್ಷ ದಂಡ.

ಈ ಪ್ರಕರಣದ ಮೊದಲ ದೊಡ್ಡ ನಿರ್ಧಾರ ಇದಕ್ಕೇ ಸಂಬಂಧಿಸಿದ್ದು. ಮೆಕ್ಕೆಜೋಳ ಮತ್ತು ಗೋಧಿಯ ಮೇಲೆ ಕೆಲಸ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆ ಸಿಮಿಟ್ ಮತ್ತು ಕೀನ್ಯಾದ ಕೃಷಿ ಸಂಶೋಧನಾ ಸಂಸ್ಥೆ ಸೇರಿ ನೈವಾಶಾದಲ್ಲಿ 20 ಹೆಕ್ಟೇರ್ ಜಾಗದಲ್ಲಿ ಎಂಎಲ್ಎನ್ ಪರೀಕ್ಷಾ ಕೇಂದ್ರ ಮಾಡಿದವು. 2013ರ ಸೆಪ್ಟೆಂಬರ್‌ನಲ್ಲಿ ಅದು ಉದ್ಘಾಟನೆಯಾಯಿತು. ಅಲ್ಲಿ ರೋಗಕ್ಕಾಗಿ ಕಾಯುವುದಿಲ್ಲ. ಪ್ರತಿ ಗಿಡಕ್ಕೂ ರೋಗವನ್ನು ಕೈಯಾರೆ ಹತ್ತಿಸುತ್ತಾರೆ.

ಕೆಲಸ ಹೀಗೆ ನಡೆಯುತ್ತದೆ. ಎರಡೂ ವೈರಸ್ಸನ್ನು ಬೇರೆ ಬೇರೆ ಹಸಿರುಮನೆಗಳಲ್ಲಿ, ಒಂದಕ್ಕೊಂದು ಸೋಕದಂತೆ, ಜೋಳದ ಗಿಡಗಳಲ್ಲೇ ಉಳಿಸಿಕೊಳ್ಳುತ್ತಾರೆ. ರೋಗದ ಎಲೆ ಕೊಯ್ದು ಅರೆದು ರಸ ತೆಗೆಯುತ್ತಾರೆ. ಮೊಸಾಯಿಕ್ ರಸ ನಾಲ್ಕು ಪಾಲಿಗೆ ಮಾಟಲ್ ರಸ ಒಂದು ಪಾಲು ಬೆರೆಸುತ್ತಾರೆ. ಅದಕ್ಕೆ ಕಾರ್ಬೊರಂಡಂ ಎಂಬ ನುಣ್ಣನೆಯ, ಚೂಪು ಕಣಗಳ ಪುಡಿ ಸೇರಿಸುತ್ತಾರೆ. ಬೆನ್ನಿಗೆ ಹೊರುವ ಮೋಟಾರ್ ಸ್ಪ್ರೇಯರ್‌ನಲ್ಲಿ ಜೋರಾಗಿ ಹೊಡೆದಾಗ ಪುಡಿ ಎಲೆಯ ಮೇಲೆ ಕಣ್ಣಿಗೆ ಕಾಣದ ಗೀರು ಹಾಕುತ್ತದೆ. ಆ ಗೀರಿನಿಂದ ವೈರಸ್ ಒಳಗೆ ಹೋಗುತ್ತದೆ. ಬಿತ್ತಿದ ನಾಲ್ಕನೇ ವಾರಕ್ಕೆ ಒಮ್ಮೆ, ಐದನೇ ವಾರಕ್ಕೆ ಇನ್ನೊಮ್ಮೆ. ಆಮೇಲೆ ಕೆಲವು ದಿನಗಳಿಗೊಮ್ಮೆ ಸಾಲು ಸಾಲು ನೋಡಿ ಅಂಕ ಕೊಡುತ್ತಾರೆ. 1 ಅಂದರೆ ರೋಗದ ಗುರುತೇ ಇಲ್ಲ. 9 ಅಂದರೆ ಗಿಡ ಸತ್ತಿದೆ.

ಈ ಉಪಾಯ ಹೊಸದೇನಲ್ಲ. ನಮ್ಮ ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಮೆಕ್ಕೆಜೋಳದ ಕೇದಿಗೆ ರೋಗಕ್ಕೆ ಹೀಗೇ ರೋಗವನ್ನು ಬೇಕೆಂದೇ ಬೆಳೆಸಿ ತಳಿಗಳನ್ನು ಪರೀಕ್ಷಿಸುತ್ತಾರೆ. ಅದು ವೈರಸ್ ರೋಗ ಅಲ್ಲ, ಬೂಜಿನ ಜಾತಿಯದು. ಆದರೆ ತತ್ವ ಒಂದೇ. ಹಾಗೆಯೇ ನೈಜೀರಿಯಾದ ಇಬಾಡಾನ್‌ನಲ್ಲಿ 1970ರ ದಶಕದಲ್ಲಿ ಮೆಕ್ಕೆಜೋಳದ ಗೆರೆ ರೋಗಕ್ಕೆ ತಳಿ ಹುಡುಕುವಾಗ, ಆ ವೈರಸ್ ಒಯ್ಯುವ ಜಿಗಿಹುಳುಗಳನ್ನು ರಾಶಿ ರಾಶಿ ಸಾಕಿ ಗಿಡಗಳ ಮೇಲೆ ಬಿಡುತ್ತಿದ್ದರು. ಎಲ್ಲ ಗಿಡಕ್ಕೂ ಒಂದೇ ಪರೀಕ್ಷೆ ಇಟ್ಟರೆ ಮಾತ್ರ ಪಾಸಾದವರನ್ನು ನಂಬಬಹುದು.

ನೈವಾಶಾದ ಫಲಿತಾಂಶ ಎದೆ ನಡುಗಿಸುವಂತಿತ್ತು. ಮಾರುಕಟ್ಟೆಯಲ್ಲಿದ್ದ ತಳಿಗಳಲ್ಲಿ ಬಹುಪಾಲು ಸೋತವು. ನಮ್ಮ ಹೈಬ್ರಿಡ್‌ನ ಅಜ್ಜಿ, ಅಜ್ಜ, ಅಪ್ಪ ಮೂವರೂ ಅಂಕಪಟ್ಟಿಯ ಕೆಟ್ಟ ತುದಿಯಲ್ಲಿದ್ದರು.

ಕಾಯುವುದೋ, ಇರುವುದನ್ನು ಕೊಡುವುದೋ

ಈಗ ಎರಡು ದಾರಿ ಇದ್ದವು. ಒಂದು, ಸಿಮಿಟ್ ಬಳಿ ಮೊದಲೇ ಇದ್ದ ತಳಿಗಳಲ್ಲಿ ರೋಗಕ್ಕೆ ಸ್ವಲ್ಪ ತಡೆದುಕೊಳ್ಳುವಂಥವನ್ನು ಸೇರಿಸಿ ಹೊಸ ಹೈಬ್ರಿಡ್ ಮಾಡಿ ಬೇಗ ಹೊರಗೆ ತರುವುದು. ಈ ಸಾಧಾರಣ ಶಕ್ತಿ ಒಂದೇ ಜೀನ್‌ನಿಂದ ಬರುವುದಲ್ಲ. ಹತ್ತಾರು ಕಡೆಯಿಂದ ಚೂರು ಚೂರು ಸೇರಿ ಬರುವಂಥದ್ದು. ರೋಗ ಬರುತ್ತದೆ, ಆದರೆ ಗಿಡ ತೆನೆ ಕೊಡುತ್ತದೆ. ಎರಡನೆಯ ದಾರಿ, ರೋಗವನ್ನು ಗಟ್ಟಿಯಾಗಿ ತಡೆಯುವ ತಳಿ ಸಿಗುವವರೆಗೆ ಹುಡುಕುತ್ತಲೇ ಇರುವುದು.

ಎರಡನ್ನೂ ಒಟ್ಟಿಗೆ ಮಾಡಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ಅತಿ ಒಳ್ಳೆಯ ತೀರ್ಮಾನ ಇದೇ. ಸಾಧಾರಣವಾಗಿ ತಡೆದುಕೊಳ್ಳುವ ಹೈಬ್ರಿಡ್‌ಗಳು ಮೊದಲು ರೈತರ ಕೈ ಸೇರಿದವು. 2020ರ ಹೊತ್ತಿಗೆ ಪೂರ್ವ ಆಫ್ರಿಕಾದಲ್ಲಿ ಇಂಥ 19 ಹೈಬ್ರಿಡ್ ಬಿಡುಗಡೆ ಆಗಿದ್ದವು. ಪೂರ್ಣ ಗುಣವಾಗುವ ತನಕ ರೋಗಿಗೆ ಗಂಜಿಯನ್ನಾದರೂ ಕೊಡಬೇಕಲ್ವಾ, ಹಾಗೆ.

ಥಾಯ್ಲೆಂಡಿನ ತಳಿ, ಮತ್ತು ಬಿಸಾಡಬಹುದಾಗಿದ್ದ ಒಂದು ತಾಕು

ಹುಡುಕಾಟ ನಿಲ್ಲಲಿಲ್ಲ. ಬೇರೆ ಬೇರೆ ದೇಶಗಳಿಂದ ತಳಿ ತರಿಸಿ ನೈವಾಶಾದಲ್ಲಿ ಬಿತ್ತಿದರು. ಅವುಗಳಲ್ಲಿ ಕೆಎಸ್23-5 ಮತ್ತು ಕೆಎಸ್23-6 ಎಂಬ ಎರಡು ತಳಿ, ಸುತ್ತಲಿನ ಸಾಲುಗಳು ಒಣಗಿ ನಿಂತಾಗಲೂ ಹಸಿರಾಗಿದ್ದವು. ಥಾಯ್ಲೆಂಡಿನ ಕಾಸೆತ್ಸಾರ್ಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ತಳಿಗಳು. ಯಾವುದೋ ಬೇರೆ ಕೆಲಸಕ್ಕೆ ಒಂದು ದೇಶದವರು ಜೋಪಾನ ಮಾಡಿದ ಬೀಜ, ಇನ್ನೊಂದು ಖಂಡದ ಊಟ ಉಳಿಸಲು ಬಂತು. ತಳಿ ಹಂಚಿಕೊಳ್ಳುವುದರ ಬೆಲೆ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಹಾಗೆಂದು ಥಾಯ್ ತಳಿಯನ್ನು ನೇರವಾಗಿ ಕೀನ್ಯಾದಲ್ಲಿ ಬೆಳೆಯಲಾಗುವುದಿಲ್ಲ. ಆ ಹವೆಗೆ ಹೊಂದಬೇಕು, ಸರಿಯಾದ ದಿನಕ್ಕೆ ಮಾಗಬೇಕು, ಕಾಳು ಬಿಳಿಯೇ ಇರಬೇಕು, ಗೆರೆ ರೋಗವನ್ನೂ ತಡೆಯಬೇಕು. ಆದ್ದರಿಂದ ಒಂದೇ ಗುಣವನ್ನು ಮಾತ್ರ ಎತ್ತಿ ಅಜ್ಜಿಗೆ, ಅಜ್ಜನಿಗೆ, ಅಪ್ಪನಿಗೆ ಕೊಡಬೇಕಿತ್ತು. ಅದಕ್ಕೆ ಹಳೆಯ ವಿಧಾನ ಇದೆ. ಥಾಯ್ ತಳಿಯನ್ನು ಅಜ್ಜಿಯ ಜೊತೆ ಕೂಡಿಸುವುದು. ಹುಟ್ಟಿದ್ದನ್ನು ಮತ್ತೆ ಅಜ್ಜಿಗೇ ಕೂಡಿಸುವುದು. ಮತ್ತೆ, ಮತ್ತೆ. ಮೊದಲ ಕೂಡಿಕೆಯಲ್ಲಿ ಥಾಯ್ ಪಾಲು ಅರ್ಧ, ಆಮೇಲೆ ಕಾಲು, ಆಮೇಲೆ ಎಂಟನೇ ಒಂದು. ಹೀಗೆ ಅಜ್ಜಿ ಮತ್ತೆ ಅಜ್ಜಿಯೇ ಆಗುತ್ತಾಳೆ, ಬೇಕಾದ ಆ ಒಂದು ಗುಣ ಮಾತ್ರ ಸೇರಿರುತ್ತದೆ.

ಮೊದಲ ಕೂಡಿಕೆಯ ಗಿಡಗಳಿಗೆ ರೋಗ ಹತ್ತಿಸಿ ನೋಡಿದರೆ ಅವು ಸೊರಗಿದವು. ಗಟ್ಟಿ ತಳಿಯ ಮಕ್ಕಳು ಗಟ್ಟಿ ಇರಲಿಲ್ಲ!

ಇಲ್ಲಿ ಯಾರಾದರೂ ಆ ತಾಕನ್ನು ಉತ್ತು ಮುಗಿಸಿಬಿಡಬಹುದಿತ್ತು. ಈ ಶಕ್ತಿ ಮಕ್ಕಳಿಗೆ ಇಳಿಯುವುದಿಲ್ಲ ಎಂದು ಬರೆದಿಟ್ಟು ಬೇರೆ ತಳಿಗೆ ಹೋಗಬಹುದಿತ್ತು. ಆದರೆ ಆ ಗಿಡಗಳಿಗೆ ಅವುಗಳದ್ದೇ ಪರಾಗ ಹಾಕಿ, ಮುಂದಿನ ತಲೆಮಾರು ಬೆಳೆಸಿದರೆ ಕಥೆ ಬದಲಾಗುತ್ತದೆ. ಆ ತಲೆಮಾರಿನಲ್ಲಿ ಕಾಲು ಭಾಗದ ಆಸುಪಾಸಿನ ಗಿಡಗಳು ಮತ್ತೆ ಗಟ್ಟಿಯಾಗಿ ನಿಲ್ಲುತ್ತವೆ. ಶಾಲೆಯಲ್ಲಿ ಮೆಂಡಲ್‌ನ ಬಟಾಣಿ ಪಾಠ ಓದಿದವರಿಗೆ ಈ ಲೆಕ್ಕ ತಟ್ಟನೆ ಹೊಳೆಯುತ್ತದೆ. ಇದು ಅಡಗಿ ಕೂರುವ ಗುಣ. ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಈ ಗುಣದ ಜಾಗ 6ನೇ ಕ್ರೋಮೋಸೋಮ್‌ನಲ್ಲಿದೆ ಎಂದು ಪತ್ತೆ ಹಚ್ಚಿ, ಅದು ಅಡಗುವ ಗುಣ ಎಂದು ಖಚಿತಪಡಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು.

ಹೀಗೆ ಯಾಕಿರುತ್ತದೆ? ವೈರಸ್‌ಗೆ ಸ್ವಂತ ಯಂತ್ರ ಇಲ್ಲ. ಗಿಡದ ಪ್ರೊಟೀನ್‌ಗಳನ್ನೇ ಎರವಲು ಪಡೆದು ತನ್ನ ಪ್ರತಿ ಮಾಡಿಕೊಳ್ಳುತ್ತದೆ. ವೈರಸ್‌ಗೆ ಬೇಕಾದ ಒಂದು ಪ್ರೊಟೀನ್ ಗಿಡದಲ್ಲಿ ಸ್ವಲ್ಪ ಬೇರೆ ರೂಪದಲ್ಲಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಆದರೆ ಇಬ್ಬರು ಪೋಷಕರಲ್ಲಿ ಒಬ್ಬರು ಹಳೆಯ ರೂಪ ಕೊಟ್ಟಿದ್ದರೂ ವೈರಸ್ ಅದನ್ನೇ ಹಿಡಿದು ಕೆಲಸ ಸಾಗಿಸುತ್ತದೆ. ಬಾರ್ಲಿ, ಮೆಣಸಿನಕಾಯಿಯಂಥ ಬೆಳೆಗಳಲ್ಲೂ ವೈರಸ್ ತಡೆಯುವ ಕೆಲವು ಗುಣಗಳು ಹೀಗೆಯೇ ಅಡಗಿ ಕೂರುವಂಥವು.

ಇದರಿಂದ ಕೆಲಸದ ರೀತಿಯೇ ಬದಲಾಯಿತು. ಪ್ರತಿ ಸಲ ಅಜ್ಜಿಗೆ ಕೂಡಿಸಿದಾಗ ಹುಟ್ಟುವ ಗಿಡಗಳೆಲ್ಲ ರೋಗಕ್ಕೆ ಬೀಳುತ್ತವೆ. ಅವುಗಳಲ್ಲಿ ಅರ್ಧಕ್ಕೆ ಗುಣ ಒಳಗೆ ಇದೆ, ಅರ್ಧಕ್ಕೆ ಇಲ್ಲ. ಹೊಲದಲ್ಲಿ ನಿಂತು ಎಷ್ಟು ನೋಡಿದರೂ ಗೊತ್ತಾಗದು. ಹಾಗಾಗಿ ಮೊಳಕೆಯಲ್ಲೇ ಎಲೆಯ ಚೂರು ಕತ್ತರಿಸಿ, ಡಿಎನ್ಎ ತೆಗೆದು, ಆ ಜಾಗದ ಗುರುತು ಇದೆಯೇ ಎಂದು ನೋಡಬೇಕು. ಇದ್ದ ಗಿಡವನ್ನು ಉಳಿಸಿ ಮುಂದಿನ ಕೂಡಿಕೆಗೆ ಒಯ್ಯಬೇಕು. ನಾಲ್ಕು ತಿಂಗಳ ಬೆಳೆಗೆ ಕಾಯದೆ, ರೋಗ ಹತ್ತಿಸದೆ, ಆಯ್ಕೆ ಮುಗಿಯುತ್ತದೆ. ಕಣ್ಣಿನ ಅನುಭವಕ್ಕೆ ಬೆಲೆ ಇಲ್ಲ ಎಂದು ಇದರ ಅರ್ಥ ಅಲ್ಲ. ಕೊನೆಯಲ್ಲಿ ಎರಡೂ ಪ್ರತಿ ಸೇರಿದ ಗಿಡವನ್ನು ಮತ್ತೆ ನೈವಾಶಾದ ರೋಗದ ಹೊಲದಲ್ಲೇ ನಿಲ್ಲಿಸಿ ನೋಡಬೇಕು. ಅಲ್ಲಿ ಪಾಸಾಗದಿದ್ದರೆ ಡಿಎನ್ಎ ಏನು ಹೇಳಿದರೂ ಲೆಕ್ಕಕ್ಕಿಲ್ಲ.

ಅಜ್ಜನನ್ನು ಬಿಡಬಹುದೇ?

ಮುಂಚೆ ಹೇಳಿದ ತೊಡಕು ಈಗ ಬಂತು. ಒಂದು ತಳಿಯನ್ನು ಹೀಗೆ ಬದಲಿಸಲು ಹಲವು ಬೆಳೆ ಹಂಗಾಮು ಬೇಕು, ಹಣ ಬೇಕು. ನಮ್ಮ ಹೈಬ್ರಿಡ್‌ಗೆ ಮೂವರು ಹಿರಿಯರು. ಬೀಜದ ವ್ಯಾಪಾರ ಮಾಡುವ ಯಾರಿಗಾದರೂ ಬರುವ ಮೊದಲ ಪ್ರಶ್ನೆ, ಅಜ್ಜಿಯನ್ನೂ ಅಪ್ಪನನ್ನೂ ಮಾತ್ರ ಬದಲಿಸಿದರೆ ಸಾಲದೇ?

ಲೆಕ್ಕ ಹಾಕೋಣ. ಅಪ್ಪನಲ್ಲಿ ಗುಣ ಎರಡೂ ಪ್ರತಿ ಇದೆ. ಅವನ ಪ್ರತಿ ಪರಾಗದಲ್ಲೂ ಅದು ಹೋಗುತ್ತದೆ. ಅಜ್ಜಿಯಲ್ಲಿ ಇದೆ, ಅಜ್ಜನಲ್ಲಿ ಇಲ್ಲ. ಹಾಗಾಗಿ ಅಮ್ಮನಲ್ಲಿ ಒಂದೇ ಪ್ರತಿ. ಅವಳ ಅರ್ಧ ಕಾಳುಗಳಿಗೆ ಮಾತ್ರ ಅದು ಇಳಿಯುತ್ತದೆ. ಅಂದರೆ ರೈತ ಕೊಂಡ ಚೀಲದಲ್ಲಿ ಅರ್ಧ ಬೀಜ ಗಟ್ಟಿ, ಅರ್ಧ ಸೊರಗುವಂಥದ್ದು. ಅದೂ ಒಂದೇ ಸಾಲಿನಲ್ಲಿ, ಪಕ್ಕಪಕ್ಕದಲ್ಲಿ. ಸೊರಗಿದ ಅರ್ಧದಲ್ಲಿ ವೈರಸ್ ಚೆನ್ನಾಗಿ ಬೆಳೆದು ಮುಂದಿನ ಹೊಲಕ್ಕೆ ಹೋಗುತ್ತದೆ. ಇನ್ನು ಅಪ್ಪನನ್ನೇ ಬಿಟ್ಟರೆ ಒಂದು ಗಿಡವೂ ಉಳಿಯದು.

ಗೆರೆ ರೋಗದಲ್ಲಿ ಇಷ್ಟು ಕಷ್ಟ ಇರಲಿಲ್ಲ. ಅದನ್ನು ತಡೆಯುವ ಮುಖ್ಯ ಗುಣ 1ನೇ ಕ್ರೋಮೋಸೋಮ್‌ನಲ್ಲಿದೆ. ಅದು ಒಬ್ಬರ ಕಡೆಯಿಂದ ಬಂದರೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಅದೇ ಅನುಭವದಲ್ಲಿ ಪಳಗಿದವರು ಇಲ್ಲೂ ಒಬ್ಬ ಪೋಷಕ ಸಾಕು ಅಂದುಕೊಂಡರೆ ತಪ್ಪಲ್ಲ. ಆದರೆ ಪ್ರತಿ ರೋಗಕ್ಕೂ ಅದರದೇ ಲೆಕ್ಕ ಹಾಕಬೇಕು. ಇಲ್ಲಿ ಮೂವರನ್ನೂ ಬದಲಿಸುವುದೇ ದಾರಿಯಾಗಿತ್ತು. ಖರ್ಚು ಮೂರು ಪಟ್ಟು. ಪ್ರಕರಣದ ಅತಿ ಕಠಿಣ ತೀರ್ಮಾನ ಅದು.

ಸಮಯ ಉಳಿಸಲು ಒಂದು ಉಪಾಯ ನೆರವಾಯಿತು. ಆರೇಳು ತಲೆಮಾರು ಸ್ವಂತ ಪರಾಗ ಹಾಕುವ ಬದಲು, ವಿಶೇಷ ತಳಿಯೊಂದರ ಪರಾಗ ಹಾಕಿ ಅರ್ಧ ಕ್ರೋಮೋಸೋಮ್‌ನ ಗಿಡ ಪಡೆದು, ಅದನ್ನು ಔಷಧಿಯಿಂದ ದುಪ್ಪಟ್ಟು ಮಾಡಿದರೆ ಎರಡು ಮೂರು ಹಂಗಾಮಿನಲ್ಲೇ ಶುದ್ಧ ತಳಿ ಸಿಗುತ್ತದೆ. ಇದಕ್ಕೆ ಡಬಲ್ಡ್ ಹ್ಯಾಪ್ಲಾಯ್ಡ್ ಎನ್ನುತ್ತಾರೆ. ಕೀನ್ಯಾದ ಕಿಬೊಕೊದಲ್ಲಿ 2013ರಲ್ಲೇ ಇದರ ಕೇಂದ್ರ ಶುರುವಾಯಿತು. ಇಂಥದ್ದೇ ಕೇಂದ್ರವನ್ನು ಸಿಮಿಟ್ ಮತ್ತು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಸೇರಿ ನಮ್ಮ ಕುಣಿಗಲ್‌ನಲ್ಲಿ 2021ರ ಡಿಸೆಂಬರ್‌ನಲ್ಲಿ ತೆರೆದವು. ಕುಣಿಗಲ್ ದಾರಿಯಲ್ಲಿ ಓಡಾಡುವ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಗೊತ್ತಿರಬೇಕಾದ ಸಂಗತಿ.

ಈಚೆಗೆ ಇನ್ನೊಂದು ದಾರಿಯನ್ನೂ ಹಿಡಿದಿದ್ದಾರೆ. ಅಜ್ಜಿಯ ಡಿಎನ್ಎಯಲ್ಲೇ ಆ ಒಂದು ಜಾಗವನ್ನು ಕ್ರಿಸ್ಪರ್ ಎಂಬ ಜೀನ್ ತಿದ್ದುವ ವಿಧಾನದಿಂದ ನೇರವಾಗಿ ತಿದ್ದುವುದು. ಆಗ ಮತ್ತೆ ಮತ್ತೆ ಕೂಡಿಸುವ ಕೆಲಸ ತಪ್ಪುತ್ತದೆ, ಥಾಯ್ ತಳಿಯ ಬೇಡದ ಗುಣಗಳೂ ಜೊತೆಗೆ ಬರುವುದಿಲ್ಲ.

ಬೀಜದಲ್ಲೇ ಕೂತ ರೋಗ

ಒಳ್ಳೆಯ ತಳಿ ಕಟ್ಟಿದರೂ ಇನ್ನೊಂದು ಬಾಗಿಲು ತೆರೆದಿತ್ತು. ಮಾಟಲ್ ವೈರಸ್ ಬೀಜದ ಮೂಲಕವೂ ದಾಟುತ್ತದೆ. ಹವಾಯಿಯಲ್ಲಿ ನಡೆದ ಹಳೆಯ ಪರೀಕ್ಷೆಯೊಂದರಲ್ಲಿ ರೋಗದ ಗಿಡಗಳ ಬೀಜ ಬಿತ್ತಿ 42,000 ಸಸಿ ನೋಡಿದಾಗ 17ರಲ್ಲಿ ವೈರಸ್ ಸಿಕ್ಕಿತ್ತು. ಶೇ 0.04. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಎಕರೆಗೆ 25,000 ಗಿಡ ಹಿಡಿದರೆ ಅಂಥ ಬೀಜದಿಂದ ಹತ್ತು ರೋಗದ ಗಿಡ. ಹೊಲದ ಹತ್ತು ಕಡೆ ಕಿಡಿ ಇಟ್ಟ ಹಾಗೆ. ಉಳಿದದ್ದನ್ನು ಥ್ರಿಪ್ಸ್ ನೋಡಿಕೊಳ್ಳುತ್ತದೆ.

ಹಾಗಾಗಿ ಬೀಜೋತ್ಪಾದನೆಯ ಹೊಲಗಳನ್ನು ಅಡ್ಡಾಡಿ ಪರೀಕ್ಷಿಸುವುದು, ರೋಗದ ಗಿಡ ಕಂಡರೆ ಕೀಳುವುದು, ಎಲೆಯನ್ನು ಪರೀಕ್ಷೆಗೆ ಕಳಿಸುವುದು ಕಂಪನಿಗಳ ದಿನದ ಕೆಲಸವಾಯಿತು. ಕೀನ್ಯಾ ಇಡೀ ಆಫ್ರಿಕಾಕ್ಕೆ ತಳಿ ಹಂಚುವ ಜಾಗವಾದ್ದರಿಂದ ಜಿಂಬಾಬ್ವೆಯಲ್ಲಿ ಬೇರೆಯೇ ಕ್ವಾರಂಟೈನ್ ಹೊಲ ಮಾಡಿ, ಅಲ್ಲಿ ಬೆಳೆಸಿ ನೋಡಿದ ಮೇಲೆ ದಕ್ಷಿಣದ ದೇಶಗಳಿಗೆ ಬೀಜ ಬಿಟ್ಟರು. 2014ರಲ್ಲಿ ಇಥಿಯೋಪಿಯಾ ಆದ ಮೇಲೆ 2020ರವರೆಗೆ ಆಫ್ರಿಕಾದ ಇನ್ನೊಂದು ದೇಶದಿಂದ ರೋಗದ ವರದಿ ಬರಲಿಲ್ಲ. ಇದರಲ್ಲಿ ತಳಿಯ ಪಾಲು ಎಷ್ಟಿದೆಯೋ ಬೀಜದ ಶುಚಿಯ ಪಾಲೂ ಅಷ್ಟೇ ಇದೆ ಎಂದು ನನ್ನ ನಂಬಿಕೆ. ತಳಿ ಕಟ್ಟುವವರು ಬೀಜದ ಶುಚಿಯನ್ನು ಬೇರೆಯವರ ಕೆಲಸ ಅಂದುಕೊಳ್ಳಬಾರದು.

ನಮ್ಮ ಹೊಲಗಳಿಗೆ

ದಾವಣಗೆರೆ, ಹಾವೇರಿ ಕಡೆಯ ರೈತರು ಕೇಳಬಹುದು, ಕೀನ್ಯಾದ ಕಥೆ ನಮಗೇಕೆ ಎಂದು. ಫಾಲ್ ಆರ್ಮಿ ಹುಳುವನ್ನು ನೆನಪಿಸಿಕೊಳ್ಳಿ. 2016ರಲ್ಲಿ ಆಫ್ರಿಕಾಕ್ಕೆ ಬಂದದ್ದು 2018ರಲ್ಲಿ ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲೇ. ಎರಡೇ ವರ್ಷ. ಎಂಎಲ್ಎನ್‌ನ ಒಂದು ಪಾಲುದಾರ, ಕಬ್ಬಿನ ಮೊಸಾಯಿಕ್ ವೈರಸ್, ಭಾರತದಲ್ಲಿ ಮೊದಲೇ ಇದೆ. ಹೇನು ಇದೆ, ಥ್ರಿಪ್ಸ್ ಇದೆ. ನೀರಾವರಿ ಇರುವ ಕಡೆ ಒಂದು ಜೋಳದ ಹಿಂದೆ ಇನ್ನೊಂದು ಜೋಳ ಹಾಕುವ ರೂಢಿಯೂ ಇದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಈ ರೋಗದಲ್ಲಿ ಚುಕ್ಕಿ ಶುರುವಾಗುವುದು ಸುಳಿಯ ಎಳೆ ಎಲೆಯಲ್ಲಿ, ಅದೂ ಬುಡದಿಂದ. ಗಿಡ ಹಸಿರಿರುವಾಗಲೇ ರವದಿ ಒಣಗಿದರೆ ಅನುಮಾನ ಇನ್ನೂ ಗಟ್ಟಿ. ಅಂಥ ಗಿಡ ಕಂಡರೆ ಕಿತ್ತು ಕೈಯಲ್ಲಿ ಹಿಡಿದು ಊರೆಲ್ಲ ತೋರಿಸಲು ಹೋಗಬೇಡಿ. ಗಿಡದ ಮೇಲಿನ ಥ್ರಿಪ್ಸ್ ದಾರಿಯುದ್ದಕ್ಕೂ ಇಳಿಯುತ್ತದೆ. ಇದ್ದಲ್ಲೇ ಫೋಟೊ ತೆಗೆದು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರನ್ನು ಹೊಲಕ್ಕೇ ಕರೆಸಿ. ಆ ಹೊಲದ ಕಾಳನ್ನು ಮುಂದಿನ ಬಿತ್ತನೆಗೆ ಇಟ್ಟುಕೊಳ್ಳಬೇಡಿ, ಪಕ್ಕದವರಿಗೂ ಕೊಡಬೇಡಿ.